ಸೋರಿಯಾಸಿಸ್: ಮುಲಾಮು, ಲೈಟು, ಮಾತ್ರೆ, ಇಂಜೆಕ್ಷನ್ – ಯಾರಿಗೆ ಯಾವುದು?

ಮೊಣಕೈ ಮೇಲೆ ಎಂಟಾಣೆ ಅಗಲದ ಮಚ್ಚೆ ಬಂದಾಗ ನನಗೆ ಮೊದಲು ಸಿಕ್ಕಿದ್ದು ಹುಳುಕಡ್ಡಿಯ ಮುಲಾಮು. ಮೆಡಿಕಲ್ ಶಾಪಿನ ಹುಡುಗ ಕೌಂಟರ್ ಆಚೆಯಿಂದಲೇ ನೋಡಿ ಟ್ಯೂಬ್ ಕೊಟ್ಟ. ಹತ್ತು ದಿನದಲ್ಲಿ ಮಚ್ಚೆ ಮಾಯ. ಹುಡುಗನನ್ನು ಮನಸ್ಸಲ್ಲೇ ಹೊಗಳಿದೆ. ಮುಂದಿನ ತಿಂಗಳು ಅದೇ ಜಾಗಕ್ಕೆ ವಾಪಸ್ ಬಂತು. ಈ ಸಲ ಒಂದೇ ಬರಲಿಲ್ಲ, ಮೊಣಕಾಲಿಗೂ ತಲೆಗೂ ನೆಂಟರನ್ನು ಕರ್ಕೊಂಡು ಬಂದಿತ್ತು. ಆ ಟ್ಯೂಬಿನಲ್ಲಿ ಫಂಗಸ್ ಔಷಧಿಯ ಜೊತೆ ಜೋರು ಸ್ಟಿರಾಯ್ಡ್ ಕೂಡ ಇತ್ತು ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ.

ಅದಾಗಿ ಹನ್ನೊಂದು ವರ್ಷ. ಅಷ್ಟರಲ್ಲಿ ಮುಲಾಮು, ಲೈಟು, ಮಾತ್ರೆ ಮೂರನ್ನೂ ಮಾಡಿದ್ದೇನೆ. ಇಂಜೆಕ್ಷನ್ ತನಕ ಹೋಗಿಲ್ಲ, ಬಾಗಿಲ ತನಕ ಹೋಗಿ ಬಂದಿದ್ದೇನೆ. ನಾನು ಡಾಕ್ಟರ್ ಅಲ್ಲ. ಡೋಸ್ ಹೇಳೋದು ಅವರ ಕೆಲಸ. ಆದರೆ ಅವರೆದುರು ಕೂತಾಗ ಏನು ಕೇಳಬೇಕು ಅಂತ ಮೊದಲೇ ಗೊತ್ತಿದ್ದಿದ್ದರೆ ನಾಲ್ಕು ವರ್ಷ ಉಳೀತಿತ್ತು.

ಎಲ್ಲರೂ ಕೇಳೋದು "ಯಾವುದು ಬೆಸ್ಟ್?" ಅಂತ. ನಾನೂ ಹಾಗೇ ಕೇಳ್ತಿದ್ದೆ. ಬೇರು ಸಮೇತ ಕೀಳುವ ಔಷಧಿ ಇವತ್ತಿಗೂ ಇಲ್ಲ. ಎಲ್ಲವೂ ಅದನ್ನು ಮಲಗಿಸಿಡುತ್ತವೆ, ಅಷ್ಟೇ. ಹಾಗಾಗಿ ಈಗ ನಾನು ಕೇಳಿಕೊಳ್ಳೋದು ಬೇರೆ: ಇದನ್ನು ನನ್ನ ಮನೆ, ನನ್ನ ಕೆಲಸ, ನನ್ನ ದುಡ್ಡಿನಲ್ಲಿ ಎಷ್ಟು ವರ್ಷ ಬಿಡದೆ ಮಾಡಬಲ್ಲೆ?

ಮೊದಲು, ಇದು ಅದೇನಾ?

ಚರ್ಮದ ಮೇಲ್ಪದರ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಆ ಕೆಲಸ ಮೂರು–ಐದು ದಿನದಲ್ಲೇ ನಡೆದುಹೋಗುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಕೂರುತ್ತದೆ. ಅದೇ ಆ ಬೆಳ್ಳಿ ಬಣ್ಣದ ಹೊಟ್ಟು. ಈ ಅವಸರಕ್ಕೆ ಕಾರಣ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕಳಿಸುವ ತಪ್ಪು ಸಂದೇಶ. ಟಿಎನ್‌ಎಫ್, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23 ಅನ್ನೋವು ಆ ಸಂದೇಶ ಹೊತ್ತು ಓಡಾಡುವ ಪ್ರೋಟೀನುಗಳು. ಇಂಜೆಕ್ಷನ್ ವಿಷಯ ಬಂದಾಗ ಈ ಹೆಸರುಗಳು ಮತ್ತೆ ಬರುತ್ತವೆ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಅಂಟುವ ಕಾಯಿಲೆ ಅಲ್ಲ. ಆಯುರ್ವೇದದಲ್ಲಿ ಇದನ್ನು ಕಿಟಿಭ ಕುಷ್ಠ, ಏಕಕುಷ್ಠ ಅಂತ ಕರೆಯೋದುಂಟು. ಆ 'ಕುಷ್ಠ' ಅನ್ನೋ ಪದ ಕೇಳಿ ನಮ್ಮ ಅಜ್ಜಿ ಎರಡು ದಿನ ಊಟ ಬಿಟ್ಟಿದ್ದಳು. ಅದಕ್ಕೂ ಕುಷ್ಠರೋಗಕ್ಕೂ ಸಂಬಂಧ ಇಲ್ಲ.

ಹುಳುಕಡ್ಡಿಗೆ ಸಾಮಾನ್ಯವಾಗಿ ಅಂಚು ಉಬ್ಬಿ ನಡುವೆ ತಿಳಿಯಾಗುತ್ತದೆ, ಬಳೆಯ ಹಾಗೆ. ಸೋರಿಯಾಸಿಸ್ ನಡುವೆಯೂ ದಪ್ಪ. ಇಸುಬು ಮೊಣಕೈ ಒಳಮಡಿಕೆಯಲ್ಲಿ ಜಾಸ್ತಿ, ಕೆಲವೊಮ್ಮೆ ರಸ ಸೋರುತ್ತದೆ. ಇದು ಮೊಣಕೈ ಹೊರಭಾಗ, ಮೊಣಕಾಲ ಚಿಪ್ಪು, ಸೊಂಟದ ಕೆಳಗೆ, ತಲೆಯಲ್ಲಿ ಬರೋದು ಜಾಸ್ತಿ. ತಲೆಹೊಟ್ಟು ಕೂದಲ ಗೆರೆ ದಾಟಿ ಹಣೆಗೆ ಇಳಿದಿದ್ದರೆ ಅನುಮಾನ ಪಡಿ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಗುಳಿಗಳಿವೆಯಾ ನೋಡಿ. ನನ್ನ ಹೊಟ್ಟನ್ನು ಡಾಕ್ಟರ್ ಗಾಜಿನ ಸ್ಲೈಡ್ ಅಂಚಿನಿಂದ ಮೆಲ್ಲಗೆ ಕೆರೆದರು. ಮೊದಲು ಮೇಣದ ಪುಡಿಯಂತೆ ಉದುರಿತು. ಆಮೇಲೆ ತೆಳ್ಳಗೆ ಒಂದು ಪೊರೆ. ಅದು ಎದ್ದ ಮೇಲೆ ಗಸಗಸೆ ಕಾಳಿನಷ್ಟು ರಕ್ತದ ಚುಕ್ಕೆಗಳು. "ಸರಿ, ಅದೇ" ಅಂದರು. ನೀವು ಮನೆಯಲ್ಲಿ ಕೆರೆದು ನೋಡಬೇಡಿ. ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಹುಟ್ಟೋದು ಈ ಕಾಯಿಲೆಯ ಕೆಟ್ಟ ಚಾಳಿ.

ಇನ್ನೊಂದು ಮಾತು. ಪುಸ್ತಕದ ಫೋಟೋಗಳಲ್ಲಿ ಇದು ಗುಲಾಬಿ ಕೆಂಪು. ನಮ್ಮ ಕಂದು ಚರ್ಮದಲ್ಲಿ ಅದು ನೇರಳೆ, ಕಡು ಕಂದು, ಬೂದಿ ಬಣ್ಣದ ಹೊಟ್ಟು. ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಕಲೆ ಕಾಯಿಲೆ ಅಲ್ಲ. ಬೆರಳಾಡಿಸಿದಾಗ ನಯವಾಗಿದ್ದರೆ ಔಷಧಿ ಕೆಲಸ ಮಾಡಿದೆ ಅಂತ ಅರ್ಥ. ಕಲೆ ಹೋಗಲಿ ಅಂತ ಅದರ ಮೇಲೇ ಸ್ಟಿರಾಯ್ಡ್ ತಿಕ್ಕುವವರು ಬಹಳ ಜನ. ನಾನೂ ತಿಕ್ಕಿದ್ದೆ. ಚರ್ಮ ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗಾಯಿತು.

ಅಂಗೈಯಿಂದ ಅಳೆಯಿರಿ

ಬೆರಳುಗಳೂ ಸೇರಿ ನಿಮ್ಮ ಅಂಗೈ ಅಂದರೆ ಮೈಯ ಶೇ 1. ಎಲ್ಲ ಮಚ್ಚೆ ಸೇರಿಸಿದರೆ ಮೂರು ಅಂಗೈ ಒಳಗೆ ಇದ್ದರೆ ಸಣ್ಣದು. ಮೂರರಿಂದ ಹತ್ತು ಮಧ್ಯಮ. ಹತ್ತು ದಾಟಿದರೆ ತೀವ್ರ. ಸಾಮಾನ್ಯವಾಗಿ ಸಣ್ಣದಕ್ಕೆ ಮುಲಾಮು, ಅದು ಸಾಲದಾದರೆ ಲೈಟು, ಮಾತ್ರೆ, ಇಂಜೆಕ್ಷನ್.

ಆದರೆ ಈ ಲೆಕ್ಕವನ್ನೇ ನಂಬಿ ಕೂರಬೇಡಿ. ಎರಡೂ ಅಂಗೈ ಬಿರಿದವರದ್ದು ಶೇ 2 ಮಾತ್ರ. ಅವರಿಗೆ ರೊಟ್ಟಿ ಹಿಟ್ಟು ನಾದೋಕಾಗಲ್ಲ, ಗಾಡಿಯ ಕ್ಲಚ್ ಹಿಡಿಯೋಕಾಗಲ್ಲ. ಮುಖ, ಜನನಾಂಗ, ಅಂಗಾಲು, ಉಗುರು ಇವುಗಳಿಗೆ ಬಂದರೆ ಅಗಲ ಕಡಿಮೆ ಇದ್ದರೂ ದೊಡ್ಡ ಔಷಧಿ ಕೇಳೋದು ತಪ್ಪಲ್ಲ.

ಇನ್ನು ಕೀಲು, ಈ ಕಾಯಿಲೆ ಅಲ್ಲಿಗೂ ಬರಬಹುದು. ಬೆಳಗ್ಗೆ ಎದ್ದಾಗ ಅರ್ಧ ಗಂಟೆ ಬೆರಳು ಬಗ್ಗದೇ ಇರೋದು, ಒಂದು ಬೆರಳು ಪೂರ್ತಿ ಊದಿಕೊಳ್ಳೋದು, ಹಿಮ್ಮಡಿ ನೋವು. ಚರ್ಮದ ಡಾಕ್ಟರಿಗೆ ಇದನ್ನು ಯಾಕೆ ಹೇಳಬೇಕು ಅಂತ ಸುಮ್ಮನಿರಬೇಡಿ. ಕೀಲಿಗೆ ಬಂದಿದ್ದರೆ ಮುಲಾಮು, ಲೈಟು ಎರಡೂ ಸಾಲದು, ಮಾತ್ರೆ ಅಥವಾ ಇಂಜೆಕ್ಷನ್ನೇ ಬೇಕು. ಹಾಳಾದ ಕೀಲು ಚರ್ಮದ ಹಾಗೆ ಮತ್ತೆ ಚಿಗುರಲ್ಲ.

ಮುಲಾಮುಗಳು

ಜೋರು ಸ್ಟಿರಾಯ್ಡ್, ಅಂದರೆ ಕ್ಲೋಬೆಟಸಾಲ್ ಥರದ್ದು, ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಅದರ ತೊಂದರೆಯೂ ಅದೇ, ಬೇಗ ಖುಷಿ ಕೊಡುತ್ತದೆ. ಮೊಣಕೈ, ಮೊಣಕಾಲು, ಅಂಗಾಲಿನಂಥ ದಪ್ಪ ಚರ್ಮಕ್ಕೆ ಎರಡು–ನಾಲ್ಕು ವಾರ. ಆಮೇಲೆ ಡಾಕ್ಟರ್ ಹೇಳಿದರೆ ವಾರಕ್ಕೆರಡು ದಿನ. ಮುಖ, ಕಂಕುಳು, ತೊಡೆಸಂದಿಗೆ ಅದನ್ನು ತಾಕಿಸಬೇಡಿ. ಅಲ್ಲಿಗೆ ಮೆದು ಸ್ಟಿರಾಯ್ಡ್ ಅಥವಾ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು ಬರೆದುಕೊಡುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ಚೀಟಿ ಕೇಳದೆ ಕೊಡುವ ಅಂಗಡಿ ಸಿಕ್ಕರೆ ಅದನ್ನು ಉಪಕಾರ ಅಂದುಕೊಳ್ಳಬೇಡಿ.

ಕ್ಯಾಲ್ಸಿಪೊಟ್ರಿಯಾಲ್ ಅನ್ನೋದು ವಿಟಮಿನ್ ಡಿ ಕುಟುಂಬದ್ದು. ನಿಧಾನ. ವಾರಗಟ್ಟಲೆ ಕಾಯಬೇಕು, ಸ್ವಲ್ಪ ಉರಿಯುತ್ತದೆ, ಬೆಲೆಯೂ ಜಾಸ್ತಿ. ಆದರೆ ಚರ್ಮ ತೆಳುವಾಗಲ್ಲ, ಹಾಗಾಗಿ ಬಹಳ ದಿನ ಹಚ್ಚಬಹುದು. ಇದನ್ನೂ ಸ್ಟಿರಾಯ್ಡನ್ನೂ ಸೇರಿಸಿದ ಟ್ಯೂಬ್ ಸಿಗುತ್ತದೆ, ದಿನಕ್ಕೊಂದೇ ಸಲ. ಸಣ್ಣ ಕಾಯಿಲೆಗೆ ನನ್ನ ಓಟು ಅದಕ್ಕೇ. ಕಾರಣ ವಿಜ್ಞಾನಕ್ಕಿಂತ ಸೋಮಾರಿತನ. ದಿನಕ್ಕೆ ಎರಡು ಹೊತ್ತು ಎರಡು ಟ್ಯೂಬ್ ಹಚ್ಚೋದನ್ನು ಮೂರು ವಾರಕ್ಕಿಂತ ಜಾಸ್ತಿ ಮಾಡಿದವರನ್ನು ನಾನು ನೋಡಿಲ್ಲ.

ಕೋಲ್ ಟಾರ್ ಅಗ್ಗ, ಹಳೆಯದು, ನಾತ, ದಿಂಬಿಗೆ ಕಲೆ. ಆದರೂ ತಲೆಗೆ ಅದರ ಶಾಂಪೂ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಸ್ಯಾಲಿಸಿಲಿಕ್ ಆಸಿಡ್ ಮಚ್ಚೆಯನ್ನು ಗುಣ ಮಾಡಲ್ಲ, ಮೇಲಿನ ಹೊಟ್ಟನ್ನು ಮೆತ್ತಗೆ ಮಾಡಿ ಬೇರೆ ಔಷಧಿ ಒಳಗೆ ಇಳಿಯೋಕೆ ದಾರಿ ಬಿಡುತ್ತದೆ. ಒಂದು ಎಚ್ಚರಿಕೆ: ಸ್ಯಾಲಿಸಿಲಿಕ್ ಮೇಲೇ ಕ್ಯಾಲ್ಸಿಪೊಟ್ರಿಯಾಲ್ ಹಚ್ಚಿದರೆ ಅದು ಕೆಲಸ ಮಾಡದ ಹಾಗೆ ಆಗುತ್ತದೆ. ದುಬಾರಿ ಟ್ಯೂಬು ನೀರುಪಾಲು.

ಎಷ್ಟು ಹಚ್ಚಬೇಕು ಅನ್ನೋದನ್ನು ಯಾರೂ ಹೇಳಿಕೊಡಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆ ತನಕ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಜಾಗಕ್ಕೆ ಸಾಕು. ಮಚ್ಚೆಗಳು ಎಂಟು ಅಂಗೈ ಇದ್ದರೆ ಹೊತ್ತಿಗೆ ಎರಡು ಗ್ರಾಂ. 30 ಗ್ರಾಂ ಟ್ಯೂಬು ಎರಡು ವಾರಕ್ಕೆ ಖಾಲಿ. ಈ ಲೆಕ್ಕ ಹಾಕಿದಾಗಲೇ ನನಗೆ ಮುಲಾಮು ದಾಟಿ ಮುಂದೆ ಹೋಗಬೇಕು ಅನ್ನಿಸಿದ್ದು.

ಇದರ ಜೊತೆ ಯಾವ ಚಿಕಿತ್ಸೆಯಲ್ಲಿದ್ದರೂ ಬಿಡಬಾರದ್ದು ಜಿಡ್ಡು. ಸ್ನಾನ ಆದ ಕೂಡಲೇ, ಮೈ ಇನ್ನೂ ಹಸಿ ಇರುವಾಗ, ಪೆಟ್ರೋಲಿಯಂ ಜೆಲ್ಲಿಯೋ ಕೊಬ್ಬರಿ ಎಣ್ಣೆಯೋ. ದುಬಾರಿ ಲೋಷನ್ ಬೇಕಿಲ್ಲ.

ಲೈಟ್ ಚಿಕಿತ್ಸೆ

ಟೆಲಿಫೋನ್ ಬೂತಿನಂಥ ಪೆಟ್ಟಿಗೆ. ಒಳಗೆ ಸುತ್ತಲೂ ಟ್ಯೂಬ್‌ಲೈಟು. ಒಳಚಡ್ಡಿ, ಕಪ್ಪು ಕನ್ನಡಕ ಹಾಕಿ ನಿಲ್ಲೋದು. ಮೊದಲ ದಿನ ಒಂದು ನಿಮಿಷವೂ ಇರಲಿಲ್ಲ, "ಮುಗೀತಾ?" ಅಂತ ಕೇಳಿದ್ದೆ. ಬಳಸೋದು 311 ನ್ಯಾನೋಮೀಟರಿನ ಅತಿನೇರಳೆ ಬೆಳಕು, ನ್ಯಾರೋಬ್ಯಾಂಡ್ ಯುವಿಬಿ ಅಂತಾರೆ. ವಾರಕ್ಕೆ ಎರಡು ಅಥವಾ ಮೂರು ಸಲ, ಒಟ್ಟು 20ರಿಂದ 30 ಸಲ. ಹೊಟ್ಟೆಗೆ ಏನೂ ಹೋಗಲ್ಲ, ಲಿವರ್ ಟೆಸ್ಟ್ ಇಲ್ಲ. ಬಸುರಿಯರಿಗೂ ಮಕ್ಕಳಿಗೂ ಕೊಡಬಹುದು. ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ ಅಂತಲೇ ನನ್ನ ಅನಿಸಿಕೆ.

ಇಲ್ಲಿ ಖರ್ಚು ಅಂದರೆ ದುಡ್ಡಿಗಿಂತ ಬಸ್ಸು. ನಾನಿದ್ದಿದ್ದು ತರೀಕೆರೆ, ಪೆಟ್ಟಿಗೆ ಇದ್ದಿದ್ದು ಶಿವಮೊಗ್ಗ. ಎರಡು ನಿಮಿಷದ ಬೆಳಕಿಗೆ ಅರ್ಧ ದಿನ ರಜೆ. ಹದಿನಾಲ್ಕು ಸಲ ಹೋದೆ, ಮೈ ಚೆನ್ನಾಗಿ ತಿಳಿಯಾಗ್ತಿತ್ತು. ಅಡಿಕೆ ಕೊಯ್ಲು ಶುರುವಾಯಿತು, ಬಿಟ್ಟೆ. ಎರಡು ತಿಂಗಳಲ್ಲಿ ಎಲ್ಲ ವಾಪಸ್. ಯಂತ್ರದ ತಪ್ಪಲ್ಲ. ಪೆಟ್ಟಿಗೆ ಮನೆಯಿಂದ ಇಪ್ಪತ್ತು ನಿಮಿಷದಲ್ಲಿದ್ದು, ಮೂರು ತಿಂಗಳು ಬಿಡುವಿದ್ದರೆ ಮಾತ್ರ ಇದನ್ನು ಆರಿಸಿ. ಕೂದಲು ಬೆಳಕನ್ನು ತಡೆಯೋದರಿಂದ ಬರೀ ತಲೆಯಲ್ಲಿ ಇರೋರಿಗೆ ಅಷ್ಟು ಉಪಯೋಗವಿಲ್ಲ.

ಇದರ ಹಿರಿಯಣ್ಣ ಪುವಾ. ಸೋರಲೆನ್ ಮಾತ್ರೆ ನುಂಗಿ ಆಮೇಲೆ ಬೆಳಕಿಗೆ ನಿಲ್ಲೋದು. ಸೋರಲೆನ್ ಅನ್ನೋದು ನಮ್ಮ ಬಾವಂಚಿ ಬೀಜದಲ್ಲಿರುವ ವಸ್ತುವೇ, ತೊನ್ನಿಗೆ ಹಿಂದಿನವರು ಬಳಸುತ್ತಿದ್ದದ್ದು ಅದನ್ನೇ. ಪರಿಣಾಮ ಜೋರು, ಆದರೆ ವಾಂತಿ ಬಂದ ಹಾಗಾಗುತ್ತದೆ, ಇಡೀ ದಿನ ಕಪ್ಪು ಕನ್ನಡಕ ಬೇಕು, ಬಹಳ ಸಲ ತಗೊಂಡವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಏರುತ್ತದೆ. ಈಗ ನ್ಯಾರೋಬ್ಯಾಂಡ್ ಸಿಗುವ ಕಡೆ ಇದನ್ನು ಕೇಳಬೇಕಾದ ಪ್ರಸಂಗ ಕಡಿಮೆ.

ಮಾತ್ರೆಗಳು

ಕಡಿಮೆ ದುಡ್ಡಿನಲ್ಲಿ ಚರ್ಮಕ್ಕೂ ಕೀಲಿಗೂ ಆಗುವ ಔಷಧಿ ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಈ ಸಾಲನ್ನು ಇನ್ನೊಮ್ಮೆ ಓದಿ. ವಾರಕ್ಕೆ ಒಂದೇ ದಿನ. ದಿನಾ ನುಂಗುವ ಮಾತ್ರೆ ಅಂದುಕೊಂಡು ನುಂಗಿ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಅಮ್ಮ ಗುರುವಾರಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ, ನುಂಗಿದ ಮೇಲೆ ಅಡ್ಡಗೆರೆ. ಇದರ ತೊಂದರೆ ಕಡಿಮೆ ಮಾಡೋಕೆ ಕೊಡುವ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಬೇರೆ ದಿನ, ಅದಕ್ಕೆ ನೀಲಿ. ಮೊಬೈಲ್ ಅಲಾರಂ ನಾನು ಆಫ್ ಮಾಡಿ ಮಲಗ್ತೀನಿ, ಅಮ್ಮನ ಕೆಂಪು ಸುತ್ತು ಆಫ್ ಆಗಲ್ಲ.

ಪರಿಣಾಮ ಕಾಣೋಕೆ ಒಂದೆರಡು ತಿಂಗಳು, ಪೂರ್ತಿ ಗೊತ್ತಾಗೋಕೆ ನಾಲ್ಕು ತಿಂಗಳು. ನುಂಗಿದ ಮಾರನೇ ದಿನ ಹೊಟ್ಟೆ ತೊಳಸೋದು ಸಾಮಾನ್ಯ. ಲಿವರ್, ಕಿಡ್ನಿ, ರಕ್ತಕಣದ ಟೆಸ್ಟು ಮೊದಲು ಪದೇ ಪದೇ, ಆಮೇಲೆ ಮೂರು ತಿಂಗಳಿಗೊಮ್ಮೆ. ಕುಡಿತ ಬಿಡೋಕಾಗದವರು ಇದನ್ನು ಆರಿಸಬಾರದು, ಡಾಕ್ಟರ ಹತ್ರ ಸುಳ್ಳೂ ಹೇಳಬಾರದು. ಬಸುರಿಯರಿಗೆ ಪೂರ್ತಿ ನಿಷಿದ್ಧ, ಗಂಡಸರೂ ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಬೇಕು. ಜ್ವರಕ್ಕೆ ಅಂತ ಬೇರೆ ಡಾಕ್ಟರ ಹತ್ರ ಹೋದಾಗ ಈ ಮಾತ್ರೆಯ ಹೆಸರು ಹೇಳಿ. ಕೋಟ್ರೈಮಾಕ್ಸಜೋಲ್ ಅನ್ನೋ ಆಂಟಿಬಯೋಟಿಕ್ ಇದರ ಜೊತೆ ಸೇರಿದರೆ ಅಪಾಯ.

ಸೈಕ್ಲೋಸ್ಪೊರಿನ್ ಓಟಗಾರ. ಕೆಲವೇ ವಾರದಲ್ಲಿ ಇಳಿಸುತ್ತದೆ. "ಮದುವೆಗೆ ಎರಡು ತಿಂಗಳಿದೆ" ಅಂತ ಬರೋರಿಗೆ, ಮೈಯೆಲ್ಲ ಕೆಂಪಾಗಿ ಅಡ್ಮಿಟ್ ಆದವರಿಗೆ ಇದು ನೆನಪಾಗುತ್ತದೆ. ಬಿಪಿ ಏರಿಸುತ್ತದೆ, ಕಿಡ್ನಿಗೆ ಹೊರೆ. ವರ್ಷ, ಹೆಚ್ಚೆಂದರೆ ಎರಡು ವರ್ಷಕ್ಕಿಂತ ಮುಂದುವರಿಸಲ್ಲ. ಓಟಗಾರ ನಿಂತ ಮೇಲೆ ಏನು ಅನ್ನೋದನ್ನು ಮೊದಲ ದಿನವೇ ಕೇಳಿಕೊಳ್ಳಿ.

ಅಸಿಟ್ರೆಟಿನ್ ಅಂಗೈ, ಅಂಗಾಲಿನ ಸೋರಿಯಾಸಿಸ್‌ಗೆ, ಕೀವುಗುಳ್ಳೆ ಏಳುವ ಥರದ್ದಕ್ಕೆ ಒಳ್ಳೆಯದು. ತುಟಿ ಒಡೆಯುತ್ತದೆ. ನಿಲ್ಲಿಸಿ ಮೂರು ವರ್ಷದ ತನಕ ಬಸುರಾಗುವ ಹಾಗಿಲ್ಲ. ಹಾಗಾಗಿ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದು ಆಯ್ಕೆಯೇ ಅಲ್ಲ.

ಅಪ್ರೆಮಿಲಾಸ್ಟ್ ಇವುಗಳಲ್ಲಿ ಸಾಧು. ಟಿಬಿ ಟೆಸ್ಟು, ತಿಂಗಳ ರಕ್ತಪರೀಕ್ಷೆ ಅಂತ ಓಡಿಸಲ್ಲ. ಮೊದಲೆರಡು ವಾರ ಭೇದಿ, ತಲೆನೋವು, ಸ್ವಲ್ಪ ತೂಕ ಇಳಿಕೆ. ಮನಸ್ಸು ಮಂಕಾಗುವ ಸ್ವಭಾವ ಇದ್ದರೆ ಮೊದಲೇ ಹೇಳಿ. ಜೋರು ಕಡಿಮೆ. ಟೆಸ್ಟಿಗೆ ಹೋಗೋಕೆ ಊರಲ್ಲಿ ಲ್ಯಾಬೇ ಇಲ್ಲ ಅನ್ನೋರಿಗೆ ಇದೇ ವಾಸಿ.

ಇಂಜೆಕ್ಷನ್, ಅಂದರೆ ಬಯಾಲಜಿಕ್

ಮೊದಲು ಹೇಳಿದ ಆ ಸಂದೇಶವಾಹಕರನ್ನು ದಾರಿಯಲ್ಲೇ ಹಿಡಿಯುವ ಔಷಧಿಗಳು ಇವು. 2008ರಲ್ಲಿ ಪ್ರಕಟವಾದ ಒಂದು ಟ್ರಯಲ್ ಮೆಥೊಟ್ರೆಕ್ಸೇಟನ್ನೂ ಟಿಎನ್‌ಎಫ್ ತಡೆಯುವ ಅಡಾಲಿಮುಮಾಬನ್ನೂ ಎದುರುಬದುರು ನಿಲ್ಲಿಸಿತು. 16 ವಾರದ ಹೊತ್ತಿಗೆ ಕಾಯಿಲೆ ಮುಕ್ಕಾಲು ಭಾಗ ಇಳಿದವರು ಮಾತ್ರೆಯ ಗುಂಪಿನಲ್ಲಿ ಶೇ 36ರಷ್ಟು, ಇಂಜೆಕ್ಷನ್ ಗುಂಪಿನಲ್ಲಿ ಶೇ 80ರಷ್ಟು. ಬರೀ ಸೋಗಿನ ಔಷಧಿ ತಗೊಂಡವರಲ್ಲೂ ಶೇ 19ರಷ್ಟು ಇಳಿದಿತ್ತು ಅನ್ನೋದು ನನಗೆ ಇನ್ನೂ ಮಜಾ ಅನ್ನಿಸುತ್ತದೆ. "ನನಗೆ ಆ ಎಣ್ಣೆಯಿಂದಲೇ ವಾಸಿಯಾಯ್ತು" ಅನ್ನೋ ಮಾತು ಕೇಳಿದಾಗಲೆಲ್ಲ ಈ ಅಂಕಿ ನೆನಪಾಗುತ್ತದೆ.

ಆಮೇಲೆ ಬಂದ ಸೆಕುಕಿನುಮಾಬ್ ಇಂಟರ್‌ಲ್ಯೂಕಿನ್ 17ನ್ನು ತಡೆಯುತ್ತದೆ. ಮೊದಲ ಐದು ಡೋಸ್ ವಾರಕ್ಕೊಂದು, ಆಮೇಲೆ ತಿಂಗಳಿಗೊಮ್ಮೆ. ಇಂಟರ್‌ಲ್ಯೂಕಿನ್ 23 ತಡೆಯುವ ಗುಸೆಲ್ಕುಮಾಬ್ ಎರಡು ತಿಂಗಳಿಗೊಮ್ಮೆ ಸಾಕು. ಬೇಗ ಬೇಕಾದರೆ 17, ಸೂಜಿ ಕಡಿಮೆ ಬೇಕಾದರೆ 23, ಕಡಿಮೆ ಬೆಲೆ ಬೇಕಾದರೆ ಅಡಾಲಿಮುಮಾಬಿನ ಭಾರತೀಯ ಆವೃತ್ತಿ. ಕರುಳಿನ ಉರಿಯೂತದ ಕಾಯಿಲೆ ಇರೋರಿಗೆ 17ರ ಔಷಧಿ ಆಗಿಬರಲ್ಲ. ಹೃದಯ ದುರ್ಬಲ ಇರೋರಿಗೆ ಟಿಎನ್‌ಎಫ್‌ನದ್ದು ಆಗಲ್ಲ. ಹೀಗೆ ನಿಮ್ಮ ಹಳೇ ಕಾಯಿಲೆಗಳೇ ಅರ್ಧ ಆಯ್ಕೆ ಮುಗಿಸಿಬಿಡುತ್ತವೆ.

ಬೆಂಗಳೂರಿನ ಬಯೋಕಾನ್ ಕೂಡ ಕ್ಯೂಬಾದ ಸಂಶೋಧಕರ ಜೊತೆ ಸೇರಿ ಇಟೋಲಿಜುಮಾಬ್ ಅನ್ನೋ ಔಷಧಿ ಮಾಡಿ 2013ರಲ್ಲಿ ಸೋರಿಯಾಸಿಸ್‌ಗೆ ಅಂತ ಬಿಡುಗಡೆ ಮಾಡಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಕೊಡುವಂಥದ್ದು. 17, 23ರವುಗಳಷ್ಟು ಚುರುಕಲ್ಲ.

ನಮ್ಮ ದೇಶದಲ್ಲಿ ಇಂಜೆಕ್ಷನ್ನಿನ ದೊಡ್ಡ ಪ್ರಶ್ನೆ ಟಿಬಿ. ಎಷ್ಟೋ ಜನರ ಮೈಯಲ್ಲಿ ಅದು ಸದ್ದಿಲ್ಲದೆ ಮಲಗಿರುತ್ತದೆ. ಟಿಎನ್‌ಎಫ್ ತಡೆಯುವ ಔಷಧಿ ಅದನ್ನು ಎಬ್ಬಿಸಬಹುದು, 17 ಮತ್ತು 23ರಲ್ಲಿ ಆ ಭಯ ಕಡಿಮೆ. ಹಾಗಾಗಿ ಮೊದಲು ಎದೆಯ ಎಕ್ಸ್‌ರೇ, ಮ್ಯಾಂಟೂ (ಮುಂಗೈ ಚರ್ಮಕ್ಕೆ ಚುಚ್ಚಿ ನೋಡುವ ಟಿಬಿ ಟೆಸ್ಟು) ಅಥವಾ ರಕ್ತದ ಟೆಸ್ಟು, ಹೆಪಟೈಟಿಸ್, ಎಚ್‌ಐವಿ ಪರೀಕ್ಷೆ ಆಗಲೇಬೇಕು. ನನ್ನ ಮ್ಯಾಂಟೂ ಮುಂಗೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಉಬ್ಬಿತು. ಮೊದಲು ಟಿಬಿ ತಡೆಯುವ ಮಾತ್ರೆ, ಆಮೇಲೆ ಇಂಜೆಕ್ಷನ್ ಅಂದರು. ಖರ್ಚಿನ ಚೀಟಿಯನ್ನೂ ಕೊಟ್ಟರು. ನೋಡಿ ಜೇಬಿಗಿಟ್ಟುಕೊಂಡು ಬಂದೆ. ಒಂದು ವರ್ಷ ತಗೊಂಡು ದುಡ್ಡು ಮುಗಿದು ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮಚ್ಚೆ ಮರಳೋದೇ ಜಾಸ್ತಿ. ಇನ್ಶೂರೆನ್ಸ್ ಇದ್ದರೆ ಮೊದಲೇ ಅವರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಪುಡಿ, ಎಣ್ಣೆ, ಪಥ್ಯ

ದಂತಪಾಲ ಎಣ್ಣೆ ಹಚ್ಚಿದ್ದೇನೆ. ಹೊಟ್ಟು ಮೆತ್ತಗಾಗುತ್ತದೆ, ತೊಂದರೆ ಏನಾಗಲಿಲ್ಲ. ಪಂಚಕರ್ಮ ಮಾಡಿಸಿಕೊಂಡು ಹಗುರಾದೆ ಅನ್ನೋರಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ, ಮೆಥೊಟ್ರೆಕ್ಸೇಟ್ ನುಂಗುತ್ತಾ ಯಾವ ಕಷಾಯ ಕುಡೀತಿದ್ದೀರಿ ಅಂತ ಚರ್ಮದ ಡಾಕ್ಟರಿಗೂ ಆಯುರ್ವೇದದವರಿಗೂ ಹೇಳಿ, ಅಷ್ಟೇ. ಎರಡೂ ಲಿವರಿನ ಮೇಲೇ ಕೂತರೆ ಕಷ್ಟ.

ಭಯ ಇರೋದು ಹೆಸರಿಲ್ಲದ ಪುಡಿಗೆ. ಊರಾಚೆ ಒಬ್ಬರು ಪೇಪರ್ ಪೊಟ್ಟಣದಲ್ಲಿ ಬಿಳಿ ಪುಡಿ ಕೊಡ್ತಿದ್ದರು. ಬೆಳಗ್ಗೆ ಜೇನುತುಪ್ಪದಲ್ಲಿ ಕಲಸಿ ನಾನೂ ತಿಂದೆ. ಎರಡು ವಾರಕ್ಕೆ ಮೈ ಕನ್ನಡಿ. ಹಸಿವೋ ಹಸಿವು, ಮುಖ ದುಂಡಗಾಯಿತು. ಪುಡಿ ಮುಗಿದು ಹತ್ತು ದಿನಕ್ಕೆ ಕುತ್ತಿಗೆಯಿಂದ ಪಾದದ ತನಕ ಕೆಂಪು, ಚಳಿ, ಜ್ವರ. ಮೂರು ದಿನ ಅಡ್ಮಿಟ್. ಪುಡಿಯಲ್ಲಿ ಸ್ಟಿರಾಯ್ಡ್ ಇದ್ದಿರಬೇಕು ಅಂದರು ಡಾಕ್ಟರ್. ಹೊಟ್ಟೆಗೆ ತಗೊಂಡ ಸ್ಟಿರಾಯ್ಡ್ ಥಟ್ಟನೆ ನಿಂತರೆ ಸೋರಿಯಾಸಿಸ್ ಹೀಗೆ ಕೆರಳುತ್ತದೆ. ಮೈಯೆಲ್ಲ ಕೆಂಪಾಗೋದು, ಕೀವುಗುಳ್ಳೆ, ಜ್ವರ ಬಂದರೆ ಹೋಲಿಕೆ ಪಕ್ಕಕ್ಕಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಪಥ್ಯದಲ್ಲಿ ಬದನೆಕಾಯಿ, ಮೊಸರು ಬಿಟ್ಟು ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ತೂಕ ಜಾಸ್ತಿ ಇದ್ದವರು ಇಳಿಸಿದರೆ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಬೀಡಿ ಸಿಗರೇಟು, ಕುಡಿತ ಇವೆರಡೂ ಕಾಯಿಲೆಯ ಗೆಳೆಯರು.

ಡಾಕ್ಟರ ಹತ್ರ ಹೋಗುವಾಗ

ಮೂರು ಅಂಗೈ ಒಳಗಿದ್ದು ಕೀಲು ಸರಿಯಿದ್ದರೆ ಜೋಡಿ ಮುಲಾಮಿನಿಂದ ಶುರು ಮಾಡೋಣವಾ ಅಂತ ಕೇಳಿ. ಬಸುರಿಯಾಗುವ ಯೋಚನೆ ಇದ್ದರೆ ಲೈಟು. ಕುಡಿಯಲ್ಲ, ಮಕ್ಕಳು ದೊಡ್ಡವರಾಗಿದ್ದಾರೆ, ಕೀಲೂ ನೋಯುತ್ತದೆ ಅನ್ನೋರು ಮೆಥೊಟ್ರೆಕ್ಸೇಟ್ ಬಗ್ಗೆ ಕೇಳಿ, ಮಾತ್ರೆ ಜನೌಷಧಿ ಕೇಂದ್ರದಲ್ಲಿ ಸಿಗುತ್ತಾ ವಿಚಾರಿಸಿ. ಅದೂ ಸೋತರೆ ಇಂಜೆಕ್ಷನ್ನಿನ ಮಾತು.

ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ತಗೊಂಡು ಹೋಗಿ. ಬಿಪಿಗೆ ಕೊಡುವ ಬೀಟಾ ಬ್ಲಾಕರ್, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೋಕ್ವಿನ್ ಇವು ಸೋರಿಯಾಸಿಸ್ ಕೆರಳಿಸಬಲ್ಲವು. ಹಾಗಂತ ನೀವೇ ನಿಲ್ಲಿಸಬೇಡಿ. ಹಿಂದಿನ ವಾರ ಮುಲಾಮು ಹಚ್ಚದೆ ಬಿಟ್ಟ ಒಂದು ಮಚ್ಚೆ ಇದ್ದರೆ ಡಾಕ್ಟರಿಗೆ ನೋಡೋಕೆ ಸುಲಭ. ಉಗುರಿಗೆ ಬಣ್ಣ ಹಾಕಿದ್ದರೆ ತೆಗೆದು ಹೋಗಿ. ತಲೆಗೆ ಎಣ್ಣೆ ಬೇಡ.